ರಾಮಥಾಳದ ಆ ಮಧ್ಯಾಹ್ನ

ಮಕ್ಕಳು ಹಟ ಮಾಡುವುದು ಯಾವ ತಾಯಿಗೆ ಹೊಸದು? ಊಟಕ್ಕೆ ಕರೆದರೆ ಬರುವುದಿಲ್ಲ. ಮಾತನಾಡಿಸಿದರೆ ಮುಖ ತಿರುಗಿಸುತ್ತಾರೆ. ಕಾರಣವಿಲ್ಲದೆ ಅಳುತ್ತಾರೆ. ನಾವು ಒಂದೆರಡು ಸಲ ಕರೆಯುತ್ತೇವೆ, ಗದರುತ್ತೇವೆ, ಹಸಿವಾದರೆ ತಾನೇ ಬರುತ್ತದೆ ಎಂದು ನಮ್ಮ ಕೆಲಸಕ್ಕೆ ಮರಳುತ್ತೇವೆ. ಕಳೆದ ಬೇಸಿಗೆಯಲ್ಲಿ ರಾಮಥಾಳದ ಒಂದು ಮನೆಯಲ್ಲಿ ನಾನೂ ಹಾಗೆ ಸುಮ್ಮನಾಗಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಎದೆ ನಡುಗುತ್ತದೆ. ಆ ಮಧ್ಯಾಹ್ನ ಕಂಡದ್ದನ್ನು, ಕಲಿತದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕು ಎನಿಸಿತು.

ರಾಮಥಾಳ ಬಾಗಲಕೋಟೆ ಜಿಲ್ಲೆಯ ಹುನಗುಂದದ ಕಡೆಯ ಒಂದು ಹಳ್ಳಿ. ನನ್ನ ಚಿಕ್ಕಮ್ಮನ ಮಗಳನ್ನು ಆ ಊರಿಗೆ ಕೊಟ್ಟಿದೆ. ಮದುವೆಯಾಗಿ ಹನ್ನೆರಡು ವರ್ಷಗಳಾದರೂ ನಾನು ಅಲ್ಲಿಗೆ ಹೋಗಿರಲಿಲ್ಲ. ಶಾಲೆ, ಮನೆ, ಪರೀಕ್ಷೆ ಎಂದು ದಿನಗಳು ಕಳೆದುಹೋಗಿದ್ದವು. ತಂಗಿಯ ಒಂಬತ್ತು ವರ್ಷದ ಮಗಳಿಗೆ ಸಕ್ಕರೆ ಕಾಯಿಲೆ ಬಂದಿದೆ ಎಂದು ಒಂದೂವರೆ ವರ್ಷದ ಹಿಂದೆಯೇ ಫೋನಿನಲ್ಲಿ ತಿಳಿದಿತ್ತು. "ಆಪಾ, ಯಾರಿಗೂ ಹೇಳಬೇಡಿ, ಹೆಣ್ಣುಮಗು" ಎಂದು ತಂಗಿ ಅತ್ತಿದ್ದಳು. ನಾನೂ ಯಾರಿಗೂ ಹೇಳಿರಲಿಲ್ಲ. ಮೇ ತಿಂಗಳ ರಜೆ ಬಂದಾಗ ಇನ್ನು ತಡಮಾಡಬಾರದೆಂದು ಹೊರಟೆ.

ಬಾಗಲಕೋಟೆಯಿಂದ ಬಸ್ಸು ಕಮತಗಿ ದಾಟಿ ಅಮೀನಗಡಕ್ಕೆ ಬಂದಾಗ ಬಿಸಿಲು ಏರಿತ್ತು. ಅಮೀನಗಡ ಎಂದರೆ ಕರದಂಟು. ಬೆಲ್ಲ, ಅಂಟು, ಕೊಬ್ಬರಿ, ಗೋಡಂಬಿ, ತುಪ್ಪ ಹಾಕಿ ಮಾಡುವ ಈ ಸಿಹಿಯನ್ನು ಬಾಣಂತಿಯರಿಗೂ ಕೊಡುತ್ತಾರೆ, ನೆಂಟರ ಮನೆಗೂ ಒಯ್ಯುತ್ತಾರೆ. ಅಭ್ಯಾಸಬಲದಿಂದ ನಾನೂ ಒಂದು ಡಬ್ಬಿ ಕೊಂಡೆ. ಬಸ್ಸು ಮತ್ತೆ ಹೊರಟ ಮೇಲೆ ನೆನಪಾಯಿತು: ನಾನು ಹೋಗುತ್ತಿರುವುದು ಸಕ್ಕರೆ ಕಾಯಿಲೆಯ ಮಗುವಿರುವ ಮನೆಗೆ! ಡಬ್ಬಿಯನ್ನು ಚೀಲದ ತಳಕ್ಕೆ ತಳ್ಳಿದೆ. ಸಕ್ಕರೆ ಕಾಯಿಲೆಯ ಬಗ್ಗೆ ನನ್ನ ತಿಳಿವಳಿಕೆ ಅಷ್ಟೇ ಇತ್ತು: ಸಿಹಿ ಎಂದರೆ ವಿಷ.

ಹುನಗುಂದದಲ್ಲಿ ಬಸ್ಸು ಬದಲಿಸಿ ರಾಮಥಾಳ ಸೇರಿದೆ. ಸುತ್ತ ಎತ್ತ ನೋಡಿದರೂ ಕಪ್ಪು ಎರೆಮಣ್ಣಿನ ಹೊಲಗಳು. ಈ ಸೀಮೆಯಲ್ಲಿ ಜೋಳ, ಕಡಲೆ, ತೊಗರಿ, ಸೂರ್ಯಕಾಂತಿ, ಮೆಣಸಿನಕಾಯಿ ಬೆಳೆಯುತ್ತಾರೆ. ಬೇಸಿಗೆಯಲ್ಲಿ ಹೊಲಗಳು ಬರಿದಾಗಿ ನೆಲ ಬಾಯಿ ಬಿಟ್ಟಿತ್ತು. ಬಾಗಿಲಲ್ಲಿ ಸಲಾಮ್ ಹೇಳುತ್ತಿದ್ದಂತೆ ತಂಗಿ ಓಡಿಬಂದು ಅಪ್ಪಿಕೊಂಡಳು. ಅವಳ ಬೆನ್ನ ಹಿಂದೆ ಎರಡು ಜಡೆಯ, ಚುರುಕು ಕಣ್ಣಿನ ಹುಡುಗಿ ನಿಂತಿದ್ದಳು. "ಖಾಲಾ, ನಿಮಗೆ ಹಗ್ಗದಾಟ ಬರುತ್ತದೆಯೇ?" ಎಂಬುದೇ ಅವಳ ಮೊದಲ ಮಾತು. ಈ ಮಗುವಿಗೆ ಕಾಯಿಲೆ ಇದೆ ಎಂದು ಯಾರೂ ಹೇಳುವಂತಿರಲಿಲ್ಲ.

ಮೂಲೆಯಲ್ಲಿ ಕುಳಿತ ಮಗು

ಮರುದಿನ ಮಧ್ಯಾಹ್ನ ತಂಗಿ ರೇಷನ್ ತರಲು ಹೋಗಿದ್ದಳು. ಅವಳ ಗಂಡ ಕೆಲಸದ ಮೇಲೆ ಇಳಕಲ್ಲಿಗೆ ಹೋಗಿದ್ದರು. ಮನೆಯಲ್ಲಿ ಅವಳ ಅತ್ತೆ, ಅಂದರೆ ಮಗುವಿನ ದಾದಿ, ಮತ್ತು ನಾನು ಇಬ್ಬರೇ. ಹುಡುಗಿ ಬೆಳಗಿನಿಂದ ಬೇವಿನ ಮರದ ಕೆಳಗೆ ಹಗ್ಗದಾಟ ಆಡುತ್ತಿದ್ದಳು. ಆಟದ ಗುಂಗಿನಲ್ಲಿ ಬೆಳಿಗ್ಗೆ ಅರ್ಧ ರೊಟ್ಟಿ ತಿಂದು ಎದ್ದಿದ್ದಳು.

ಹನ್ನೆರಡೂವರೆಯ ಹೊತ್ತಿಗೆ ಒಳಗೆ ಬಂದವಳು ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಒರಗಿ ಕುಳಿತಳು. ದಾದಿ ಊಟಕ್ಕೆ ಕರೆದರು. ಉತ್ತರವಿಲ್ಲ. ಮತ್ತೆ ಕರೆದರು. "ಬೇಡ ಅಂದೆನಲ್ಲ!" ಎಂದು ಕಿರುಚಿದಳು. ನಿನ್ನೆಯಿಂದ ಅಷ್ಟು ಮೃದುವಾಗಿ ಮಾತನಾಡುತ್ತಿದ್ದ ಮಗು! "ನೋಡಿದೆಯಾ ಹಟ? ಮುದ್ದು ಹೆಚ್ಚಾಯಿತು" ಎಂದು ದಾದಿ ಬೇಸರಪಟ್ಟರು. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಮಜ್ಜಿಗೆಯ ತಂಬಿಗೆ ಹಿಡಿದು ಬಂದರು. ಮಗುವಿನ ಮುಖ ನೋಡಿದವರೇ, "ಕೂಸಿಗೆ ದೃಷ್ಟಿ ಆಗೈತಿ ನೋಡ್ರಿ. ಉಪ್ಪು ಮೆಣಸಿನಕಾಯಿ ಕೊಡ್ರಿ, ನಿವಾಳಿಸಿ ಒಲಿಗೆ ಹಾಕ್ತೀನಿ" ಎಂದರು.

ನಾನು ಹತ್ತಿರ ಹೋದೆ. ಮುಖ ಬಿಳಿಚಿತ್ತು. ಹಣೆಯ ಮೇಲೆ, ಕತ್ತಿನ ಹಿಂದೆ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಬಿಸಿಲಿನ ಬೆವರಾದರೆ ಮೈ ಬಿಸಿಯಾಗಿರಬೇಕು, ಆದರೆ ಅವಳ ಕೈ ತಣ್ಣಗಿತ್ತು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. "ಏನಾಯಿತು ಮಗಳೇ?" ಎಂದರೆ ನನ್ನನ್ನು ಗುರುತೇ ಇಲ್ಲದವಳಂತೆ ನೋಡಿದಳು. ನಾಲಿಗೆ ತೊದಲಿತು.

ಆ ನೋಟವನ್ನು ನಾನು ಮೊದಲೂ ಒಮ್ಮೆ ನೋಡಿದ್ದೆ.

ಹಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮಧ್ಯಾಹ್ನದ ಊಟದ ಗಂಟೆಗೆ ಮುಂಚಿನ ಪಿರಿಯಡ್‌ನಲ್ಲಿ ಆಗಾಗ ಮೇಜಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದ. ಅಕ್ಷರಗಳು ಓರೆಕೋರೆಯಾಗುತ್ತಿದ್ದವು. ಒಂದು ದಿನ ಪ್ರಶ್ನೆ ಕೇಳಿದರೆ ಸುಮ್ಮನೆ ನೋಡುತ್ತಾ ನಿಂತ. ನನಗೆ ಸಿಟ್ಟು ಬಂತು. "ಗಂಟೆ ಹೊಡೆಯುವವರೆಗೂ ನಿಂತೇ ಇರು" ಎಂದೆ. ಐದಾರು ನಿಮಿಷಗಳಲ್ಲಿ ಅವನು ಕುಸಿದು ಬಿದ್ದ, ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಗ್ಲುಕೋಸ್ ಕೊಟ್ಟ ಮೇಲೆ ಕಣ್ಣು ತೆರೆದ. ಅಲ್ಹಮ್ದುಲಿಲ್ಲಾಹ್, ಬದುಕಿದ. ಅವನು ದಿನವೂ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ ಮಗುವೆಂದು ಅಂದೇ ನನಗೆ ತಿಳಿದದ್ದು. ಮನೆಯವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಅವನ ತಾಯಿ ನನ್ನನ್ನು ಬೈಯಲಿಲ್ಲ. "ಟೀಚರ್, ಹಸಿವು ಅಂತ ಹೇಳೋಕೆ ಅವನಿಗೆ ಹೆದರಿಕೆ ಆಯ್ತಂತೆ" ಎಂದಷ್ಟೇ ಹೇಳಿದರು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆ ನೆನಪು ಬಂದೊಡನೆ ನಾನು ಅಡುಗೆ ಮನೆಗೆ ಓಡಿದೆ. ಅರ್ಧ ಲೋಟ ನೀರಿಗೆ ಎರಡು ಚಿಕ್ಕ ಚಮಚ ಸಕ್ಕರೆ ಹಾಕಿ ಕಲಕಿ ತಂದೆ. ಲೋಟವನ್ನು ಮಗುವಿನ ಬಾಯಿಗೆ ಹಿಡಿಯುವಷ್ಟರಲ್ಲಿ ದಾದಿ ನನ್ನ ಕೈ ಹಿಡಿದುಕೊಂಡರು. "ಸಕ್ಕರೆ ಕಾಯಿಲೆಯ ಮಗುವಿಗೆ ಸಕ್ಕರೆ ಕೊಡುತ್ತೀಯಾ? ಕೊಲ್ಲುತ್ತೀಯಾ ಅವಳನ್ನು?" ಗಾಬರಿಯಲ್ಲಿ ಪಕ್ಕದ ಮನೆಯ ಅಜ್ಜಿ ಎದುರಿಗೇ ನಿಂತಿದ್ದಾರೆ ಎಂಬುದನ್ನೂ ಅವರು ಮರೆತಿದ್ದರು. ಒಂದೂವರೆ ವರ್ಷ ಮುಚ್ಚಿಟ್ಟ ಗುಟ್ಟು ಹೊರಬಿದ್ದಿತ್ತು. "ಅಯ್ಯ ಯವ್ವಾ! ಸಕ್ರಿ ಬ್ಯಾನಿ ಐತಿ ಕೂಸಿಗೆ? ಹಂಗಾದ್ರ ಸಕ್ರಿ ನೀರು ಕುಡಸಬ್ಯಾಡ್ರಿ!" ಎಂದು ಅಜ್ಜಿಯೂ ಕೂಗಿದರು.

ನನಗೂ ಒಂದು ಕ್ಷಣ ಅನುಮಾನವಾಯಿತು. ಆದರೆ ಆ ಹುಡುಗನ ಮುಖ ಕಣ್ಣ ಮುಂದೆ ಇತ್ತು. "ಕುಡಿ ಮಗಳೇ" ಎಂದೆ. ಕುಡಿಯುವ ಪ್ರಜ್ಞೆ ಅವಳಿಗಿನ್ನೂ ಇತ್ತು. ಗುಟುಕು ಗುಟುಕಾಗಿ ಕುಡಿಯತೊಡಗಿದಳು. ಅದೇ ಹೊತ್ತಿಗೆ ತಂಗಿ ಬಂದಳು. ಬಾಗಿಲಿನಿಂದಲೇ ನೋಡಿ ಚೀಲ ಎಸೆದು, ಗೂಡಿನಿಂದ ಗ್ಲುಕೋಮೀಟರ್ ತೆಗೆದಳು. ಮೊದಲು ಮಗುವಿನ ಬೆರಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದಳು. ಬೆರಳಿಗೆ ಸಕ್ಕರೆ ಅಂಟಿದ್ದರೆ ಮೀಟರ್ ಸುಳ್ಳು ಅಂಕಿ ತೋರಿಸುತ್ತದಂತೆ. ಚುಚ್ಚಿ ನೋಡಿದಳು: 48.

"ಆಪಾ, ನೀವು ಕೊಟ್ಟದ್ದು ಸರಿ" ಎಂದಳು. ಆಗ ನನಗೆ ಉಸಿರು ಬಂತು.

ಹದಿನೈದು ನಿಮಿಷ ನಾವು ನಾಲ್ವರೂ ಗಡಿಯಾರ ನೋಡುತ್ತಾ ಕುಳಿತೆವು. ಮತ್ತೆ ಚುಚ್ಚಿದರೆ 86. ಮಗುವಿನ ತುಟಿಗೆ ಬಣ್ಣ ಬಂದಿತ್ತು. "ಅಮ್ಮೀ, ಹಸಿವು" ಎಂದಳು. ತಂಗಿ ರೊಟ್ಟಿ ಮೊಸರು ಕಲಸಿ ತಿನ್ನಿಸಿದಳು. ತಾನು ಕಿರುಚಿದ್ದು ಆ ಮಗುವಿಗೆ ನೆನಪೇ ಇರಲಿಲ್ಲ.

ಇದು ದೊಡ್ಡವರ ಸಕ್ಕರೆ ಕಾಯಿಲೆಯಲ್ಲ

ನಮ್ಮ ಮನೆಗಳಲ್ಲಿ ಅಜ್ಜನಿಗೋ ಅತ್ತೆಗೋ ಇರುವ ಸಕ್ಕರೆ ಕಾಯಿಲೆ ಹೆಚ್ಚಾಗಿ ಟೈಪ್ 2. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಟೈಪ್ 1. ನಮ್ಮ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕಣಗಳಿವೆ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ಈ ಮಕ್ಕಳಲ್ಲಿ ತಪ್ಪಿ ಆ ಕಣಗಳನ್ನೇ ನಾಶ ಮಾಡುತ್ತದೆ. ಮಗು ಸಿಹಿ ತಿಂದದ್ದರಿಂದ ಇದು ಬರುವುದಿಲ್ಲ. ತಾಯಿ ಬಸುರಿಯಾಗಿದ್ದಾಗ ಏನೋ ತಿಂದಳೆಂದೂ ಬರುವುದಿಲ್ಲ. ಸೊಸೆಯನ್ನು ದೂರುವವರು ಈ ಮಾತನ್ನು ಗಮನಿಸಬೇಕು. ಕರ್ನಾಟಕದಲ್ಲಿ ವೈದ್ಯರು 13 ವರ್ಷ ನಡೆಸಿದ ದಾಖಲಾತಿಯ ಪ್ರಕಾರ ಒಂದು ಲಕ್ಷ ಗಂಡುಮಕ್ಕಳಲ್ಲಿ 3.7, ಒಂದು ಲಕ್ಷ ಹೆಣ್ಣುಮಕ್ಕಳಲ್ಲಿ 4.0ರ ಪ್ರಮಾಣದಲ್ಲಿ ಈ ಕಾಯಿಲೆ ಹೊಸದಾಗಿ ಕಾಣಿಸಿಕೊಳ್ಳುತ್ತದೆ. ಸಂಖ್ಯೆ ಚಿಕ್ಕದು. ಆದ್ದರಿಂದಲೇ ಹಳ್ಳಿಯಲ್ಲಿ ಇಂಥ ಮಗುವನ್ನು ಹಿಂದೆ ಕಂಡವರು ಅಪರೂಪ.

ಈ ಮಕ್ಕಳಿಗೆ ಮಾತ್ರೆ ಸಾಲದು, ಇನ್ಸುಲಿನ್ನೇ ಬೇಕು, ದಿನವೂ ಬೇಕು. ಒಂದು ಕಾಲದಲ್ಲಿ ಈ ಕಾಯಿಲೆ ಬಂದ ಮಗುವಿನ ಸಾವು ನಿಶ್ಚಿತವಾಗಿತ್ತು. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನಿಗೆ ಮೊದಲ ಬಾರಿಗೆ ಅದನ್ನು ಚುಚ್ಚಲಾಯಿತು. ಸಾವಿನಂಚಿನಲ್ಲಿದ್ದ ಆ ಬಾಲಕ ಚೇತರಿಸಿಕೊಂಡ. ಅಂದಿನಿಂದ ಲೋಕದ ಎಷ್ಟೋ ಮಕ್ಕಳು ಈ ಔಷಧಿಯಿಂದ ಬದುಕಿ, ಓದಿ, ಸಂಸಾರ ನಡೆಸುತ್ತಿದ್ದಾರೆ.

ಆದರೆ ನಮ್ಮ ದೇಹದಲ್ಲಿ ತಾನೇ ಉತ್ಪತ್ತಿಯಾಗುವ ಇನ್ಸುಲಿನ್ ಬೇಕಾದಾಗ ಹೆಚ್ಚುತ್ತದೆ, ಬೇಡವಾದಾಗ ನಿಲ್ಲುತ್ತದೆ. ಸೂಜಿಯಿಂದ ಒಳಗೆ ಹೋದ ಇನ್ಸುಲಿನ್‌ಗೆ ಮಗು ಉಂಡಿತೋ ಇಲ್ಲವೋ ಗೊತ್ತಿಲ್ಲ. ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಅರ್ಧ ರೊಟ್ಟಿ ತಿಂದು ಬಿಸಿಲಿನಲ್ಲಿ ಹಗ್ಗದಾಟ ಆಡಿದ ಮಗುವಿನಲ್ಲಿ ಸಕ್ಕರೆ ಇಳಿಯುತ್ತಾ ಹೋಗುತ್ತದೆ. ರಕ್ತದಲ್ಲಿ ಸಕ್ಕರೆ ಪ್ರತಿ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕಡಿಮೆಯಾದರೆ ಕೂಡಲೇ ಸಿಹಿ ಕೊಡಬೇಕು. 54ಕ್ಕಿಂತ ಕೆಳಗೆ ಇಳಿದರೆ ಅದು ಗಂಭೀರ ಸ್ಥಿತಿ. ಸಕ್ಕರೆ ಹೆಚ್ಚಾದರೆ ಹಾನಿ ಗಂಟೆಗಳಲ್ಲಿ, ದಿನಗಳಲ್ಲಿ ಆಗುತ್ತದೆ. ಕಡಿಮೆಯಾದರೆ ನಿಮಿಷಗಳಲ್ಲಿ ಆಗುತ್ತದೆ. ಆದ್ದರಿಂದ ಆ ಹೊತ್ತಿನಲ್ಲಿ ಈ ಮಗುವಿಗೆ ಸಕ್ಕರೆಯೇ ಔಷಧಿ.

ಗುರುತಿಸುವುದು ಹೇಗೆ?

ಸಂಜೆ ಬಿಸಿಲು ತಗ್ಗಿದ ಮೇಲೆ ತಂಗಿ ನನ್ನನ್ನು ಹೊಲದ ಕಡೆ ಕರೆದೊಯ್ದಳು. ರಾಮಥಾಳದ ಹೆಸರು ದೂರದವರೆಗೆ ಕೇಳಿಬಂದದ್ದು ಹನಿ ನೀರಾವರಿಯಿಂದ. ಕೃಷ್ಣಾ ನದಿಗೆ ಕಟ್ಟಿರುವ ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ, ಕೊಳವೆಗಳಲ್ಲಿ ತಂದು, ಸುಮಾರು 24 ಸಾವಿರ ಹೆಕ್ಟೇರ್ ಭೂಮಿಗೆ ಹನಿಯಾಗಿ ಕೊಡಲು ರೂಪಿಸಿದ ಯೋಜನೆಯಿದು. ಏಷ್ಯಾದ ಅತಿ ದೊಡ್ಡ ಹನಿ ನೀರಾವರಿ ಯೋಜನೆಗಳಲ್ಲಿ ಒಂದೆಂದು ಹೆಸರಾಗಿದೆ. ಬದುವಿನ ಮೇಲೆ ಕುಳಿತು, ನೆಲದಿಂದ ಮೇಲೆದ್ದ ಕೊಳವೆಯನ್ನು ತೋರಿಸಿ ತಂಗಿ ಹೇಳಿದಳು: "ಆಪಾ, ದವಾಖಾನೆಯಲ್ಲಿ ಇನ್ಸುಲಿನ್ ಬಗ್ಗೆ ಹೇಳಿದಾಗ ನನಗೆ ಇದೇ ನೆನಪಾಯಿತು. ಕಡಿಮೆಯಾದರೆ ಬೆಳೆ ಒಣಗುತ್ತದೆ, ಹೆಚ್ಚಾದರೆ ಬೇರು ಕೊಳೆಯುತ್ತದೆ. ಅಳತೆ ತಪ್ಪಬಾರದು."

ಹತ್ತನೆಯ ತರಗತಿಯವರೆಗೆ ಮಾತ್ರ ಓದಿದ ನನ್ನ ತಂಗಿ ಆ ಸಂಜೆ ನನಗೆ ಗುರುವಾದಳು. ಅವಳಿಂದ ತಿಳಿದದ್ದನ್ನೂ, ಊರಿಗೆ ಮರಳಿ ವೈದ್ಯರನ್ನು ಕೇಳಿ ಖಚಿತಪಡಿಸಿಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಸಕ್ಕರೆ ಇಳಿಯತೊಡಗಿದಾಗ ಮೊದಲು ದೇಹ ಕೂಗಿ ಹೇಳುತ್ತದೆ. ಕೈ ನಡುಗುತ್ತದೆ, ತಣ್ಣನೆಯ ಬೆವರು ಬರುತ್ತದೆ, ಎದೆ ಡವಡವ ಎನ್ನುತ್ತದೆ, ಮುಖ ಬಿಳಿಚುತ್ತದೆ, ತಡೆಯಲಾಗದ ಹಸಿವಾಗುತ್ತದೆ. ಆಗಲೂ ಸಕ್ಕರೆ ಸಿಗದಿದ್ದರೆ ಮಿದುಳಿಗೆ ತೊಂದರೆಯಾಗುತ್ತದೆ, ಏಕೆಂದರೆ ಮಿದುಳಿನ ಮುಖ್ಯ ಆಹಾರ ಸಕ್ಕರೆಯೇ. ಮಗು ಸಿಟ್ಟು ಮಾಡುತ್ತದೆ, ಅಳುತ್ತದೆ, ಕೇಳಿದ್ದಕ್ಕೆ ಉತ್ತರಿಸುವುದಿಲ್ಲ, ತೊದಲುತ್ತದೆ, ಕಣ್ಣು ಮಂಜಾಗುತ್ತದೆ ಎನ್ನುತ್ತದೆ, ತೂಕಡಿಸುತ್ತದೆ, ಅಕ್ಷರ ಕೆಡುತ್ತದೆ, ನಡಿಗೆ ತಪ್ಪುತ್ತದೆ. ಕೊನೆಗೆ ಫಿಟ್ಸ್ ಬರಬಹುದು, ಪ್ರಜ್ಞೆ ಹೋಗಬಹುದು. ಚಿಕ್ಕ ಮಕ್ಕಳಿಗೆ ತಮಗೇನಾಗುತ್ತಿದೆ ಎಂದು ಹೇಳಲು ಬರುವುದಿಲ್ಲ. ಅವರಲ್ಲಿ ಕೆಲವೊಮ್ಮೆ ಹಟ, ಅಳು, ಮಂಕುತನ ಇಷ್ಟೇ ಕಾಣುತ್ತದೆ. ನಾವು ಅದನ್ನು ಹಟವೆಂದು ಗದರುತ್ತೇವೆ, ಸೋಮಾರಿತನವೆಂದು ಶಿಕ್ಷಿಸುತ್ತೇವೆ, ದೃಷ್ಟಿಯೆಂದು ನಿವಾಳಿಸುತ್ತೇವೆ. ಅಷ್ಟರಲ್ಲಿ ಅಮೂಲ್ಯ ನಿಮಿಷಗಳು ಕಳೆದುಹೋಗುತ್ತವೆ. ಇನ್ಸುಲಿನ್ ತೆಗೆದುಕೊಳ್ಳುವ ಮಗುವಿನ ಸ್ವಭಾವ ಇದ್ದಕ್ಕಿದ್ದಂತೆ ಬದಲಾದರೆ ಗದರುವ ಮೊದಲು ಬೆರಳು ಚುಚ್ಚಿ ನೋಡಿ.

ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತಾ ಕೂರಬೇಡಿ, ಸಿಹಿ ಕೊಡಿ. ಅನುಮಾನ ತಪ್ಪಾಗಿದ್ದರೂ ಎರಡು ಚಮಚ ಸಕ್ಕರೆಯಿಂದ ಒಂದೆರಡು ಗಂಟೆ ಸಕ್ಕರೆ ಸ್ವಲ್ಪ ಏರಬಹುದು, ಅಷ್ಟೇ. ಕೊಡದಿದ್ದರೆ ಪ್ರಾಣಕ್ಕೇ ಅಪಾಯ.

ಎಷ್ಟು ಕೊಡಬೇಕು? ಮಗುವಿನ ತೂಕದ ಪ್ರತಿ ಕಿಲೋಗೆ 0.3 ಗ್ರಾಂ ಎಂಬುದು ಲೆಕ್ಕ. 10 ಕಿಲೋ ತೂಕದ ಮಗುವಿಗೆ 3 ಗ್ರಾಂ, 30 ಕಿಲೋದ ಮಗುವಿಗೆ 9 ಗ್ರಾಂ, 50 ಕಿಲೋ ಇದ್ದರೆ 15 ಗ್ರಾಂ. ಒಂದು ಚಿಕ್ಕ ಚಮಚದಲ್ಲಿ ನಾಲ್ಕೈದು ಗ್ರಾಂ ಸಕ್ಕರೆ ಹಿಡಿಯುತ್ತದೆ. ಗ್ಲುಕೋಸ್ ಪುಡಿ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು. ಇಲ್ಲದಿದ್ದರೆ ಸಕ್ಕರೆ ನೀರು, ಬೆಲ್ಲದ ನೀರು, ಹಣ್ಣಿನ ರಸ ಆಗುತ್ತದೆ. 15 ನಿಮಿಷ ಬಿಟ್ಟು ಮತ್ತೆ ನೋಡಿ. 70 ದಾಟದಿದ್ದರೆ ಅಷ್ಟೇ ಪ್ರಮಾಣ ಇನ್ನೊಮ್ಮೆ ಕೊಡಿ. ಸರಿಯಾದ ಮೇಲೆ ಊಟದ ಹೊತ್ತು ದೂರವಿದ್ದರೆ ರೊಟ್ಟಿಯೋ ಬಿಸ್ಕತ್ತೋ ಏನಾದರೂ ತಿನ್ನಿಸಿ, ಇಲ್ಲದಿದ್ದರೆ ಮತ್ತೆ ಇಳಿಯಬಹುದು.

ಆಗ ನಾನು ಚೀಲದ ತಳದಲ್ಲಿ ಅಡಗಿಸಿಟ್ಟ ಕರದಂಟಿನ ವಿಷಯ ಹೇಳಿದೆ. "ಅದನ್ನೇ ಕೊಡಬಹುದಿತ್ತಲ್ಲವೇ?" ಎಂದೆ. ತಂಗಿ ನಕ್ಕಳು. "ಆ ಹೊತ್ತಿಗೆ ಅದು ಬರುವುದಿಲ್ಲ ಆಪಾ. ತುಪ್ಪ, ಕೊಬ್ಬರಿ, ಗೋಡಂಬಿ ಇದ್ದರೆ ಸಿಹಿ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಚಾಕಲೇಟ್, ಹಾಲೂ ಹಾಗೆಯೇ" ಎಂದಳು. ರಾತ್ರಿ ಊಟದ ಜೊತೆ ಮಗುವಿಗೆ ಅದರ ಒಂದು ಚೂರನ್ನೂ ಕೊಟ್ಟಳು, ಇನ್ಸುಲಿನ್ ಲೆಕ್ಕಕ್ಕೆ ಸೇರಿಸಿ. ಸಿಹಿ ಈ ಮಕ್ಕಳಿಗೆ ಎಂದೆಂದಿಗೂ ನಿಷಿದ್ಧವಲ್ಲ, ಅದಕ್ಕೆ ಲೆಕ್ಕವಿದೆ ಎಂಬುದೂ ನನಗೆ ಹೊಸ ವಿಷಯ.

ಒಂದು ಎಚ್ಚರಿಕೆಯನ್ನು ಎಲ್ಲರೂ ನೆನಪಿಡಿ. ಮಗುವಿಗೆ ಪ್ರಜ್ಞೆ ತಪ್ಪಿದ್ದರೆ ಅಥವಾ ಫಿಟ್ಸ್ ಬರುತ್ತಿದ್ದರೆ ಬಾಯಿಗೆ ನೀರನ್ನಾಗಲಿ ಸಕ್ಕರೆಯನ್ನಾಗಲಿ ಹಾಕಬಾರದು. ಅದು ಶ್ವಾಸನಾಳಕ್ಕೆ ಹೋಗಿ ಉಸಿರು ಕಟ್ಟಬಹುದು. ಮಗುವನ್ನು ಒಂದು ಪಕ್ಕಕ್ಕೆ ಮಲಗಿಸಿ, 108ಕ್ಕೆ ಕರೆ ಮಾಡಿ, ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ. ಗ್ಲುಕಗಾನ್ ಎಂಬ ಚುಚ್ಚುಮದ್ದು ಇಂಥ ಹೊತ್ತಿಗೇ ಇದೆ. ಅದು ನಿಮಗೆ ಸಿಗುತ್ತದೆಯೇ, ಹೇಗೆ ಕೊಡಬೇಕು ಎಂದು ವೈದ್ಯರಿಂದ ಮೊದಲೇ ತಿಳಿದುಕೊಳ್ಳಿ.

ಮನೆಯೊಳಗಿನ ಎಚ್ಚರಗಳು

ಹುನಗುಂದ ಸೀಮೆಯ ಬೇಸಿಗೆ ನಿಮಗೆ ಗೊತ್ತು. ಕರೆಂಟು ಹೋದರೆ ಫ್ರಿಜ್ ಇದ್ದೂ ಇಲ್ಲದಂತೆ. ತಂಗಿ ಎರಡು ಮಣ್ಣಿನ ಗಡಿಗೆ ಇಟ್ಟಿದ್ದಳು. ದೊಡ್ಡ ಗಡಿಗೆಯೊಳಗೆ ಚಿಕ್ಕದು, ನಡುವೆ ಒದ್ದೆ ಮರಳು. ಒಳಗಡೆ ಒಣ ಡಬ್ಬಿಯಲ್ಲಿ ಇನ್ಸುಲಿನ್. ದಿನಕ್ಕೆರಡು ಸಲ ಮರಳಿಗೆ ನೀರು ಚಿಮುಕಿಸುತ್ತಾಳೆ. ಸೆಖೆಗೆ ಕೆಟ್ಟ ಇನ್ಸುಲಿನ್ ಕೆಲಸ ಮಾಡುವುದಿಲ್ಲ. ಫ್ರೀಜರಿನಲ್ಲಿ ಹೆಪ್ಪುಗಟ್ಟಿದರೂ ಅದನ್ನು ಬಳಸಬಾರದು. ಇನ್ನೊಂದು ಮಾತು: ಸೆಖೆಯಲ್ಲಿ, ಬಿಸಿನೀರು ಸ್ನಾನದ ನಂತರ ಚುಚ್ಚಿದ ಇನ್ಸುಲಿನ್ ಬೇಗ ರಕ್ತಕ್ಕೆ ಸೇರಿ ಸಕ್ಕರೆ ಬೇಗ ಇಳಿಯಬಹುದು.

ಸಿರಿಂಜಿನ ವಿಷಯದಲ್ಲಂತೂ ಬಹಳ ಜಾಗ್ರತೆ ಬೇಕು. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ, 40 ಮತ್ತು 100. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಮಗುವಿಗೆ ಎರಡೂವರೆ ಪಟ್ಟು ಔಷಧಿ ಹೋಗುತ್ತದೆ. ಅಂಗಡಿಯಿಂದ ತಂದಾಗಲೆಲ್ಲ ಬಾಟಲಿಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಹೋಲಿಸಿ ನೋಡಿ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಎರಡು ಗಂಟೆಯ ಸುಮಾರಿಗೆ ತಂಗಿಯ ಮೊಬೈಲ್ ಸಣ್ಣಗೆ ಸದ್ದು ಮಾಡಿತು. ಅವಳು ಎದ್ದು ಮಗುವಿನ ಕತ್ತಿನ ಹಿಂದೆ ಕೈಯಿಟ್ಟು ಬೆವರಿದೆಯೇ ಎಂದು ನೋಡಿದಳು. ನಂತರ ಬ್ಯಾಟರಿ ಬೆಳಕಿನಲ್ಲಿ ಬೆರಳು ಚುಚ್ಚಿದಳು. ಮಗುವಿಗೆ ಎಚ್ಚರವೂ ಆಗಲಿಲ್ಲ. "ಹಗಲು ಹೆಚ್ಚು ಆಡಿದ ದಿನ ರಾತ್ರಿ ಸಕ್ಕರೆ ಇಳಿಯುತ್ತದೆ" ಎಂದು ಪಿಸುಗುಟ್ಟಿದಳು. ಮಗು ನಿದ್ದೆಯಲ್ಲಿ ಕನವರಿಸುವುದು, ಬಟ್ಟೆ ಬೆವರಿನಿಂದ ಒದ್ದೆಯಾಗುವುದು, ಬೆಳಿಗ್ಗೆ ತಲೆನೋವಿನಿಂದ ಏಳುವುದು ರಾತ್ರಿ ಸಕ್ಕರೆ ಇಳಿದದ್ದರ ಗುರುತುಗಳು. ಒಂದೂವರೆ ವರ್ಷದಿಂದ ಇಡೀ ರಾತ್ರಿ ನಿದ್ದೆ ಮಾಡದ ತಾಯಿಯನ್ನು ನಾನು ಆ ಬೆಳಕಿನಲ್ಲಿ ನೋಡಿದೆ. ಇಂಥ ತಾಯಂದಿರು ನಮ್ಮ ನೆರೆಹೊರೆಯಲ್ಲಿ ಇದ್ದರೆ, ಒಂದು ರಾತ್ರಿಯ ಮಟ್ಟಿಗಾದರೂ ಅವರ ಹೊರೆ ಹಂಚಿಕೊಳ್ಳುವುದು ನಮ್ಮಿಂದ ಆಗದೇ?

ಮುಚ್ಚಿಡುವುದರಿಂದ ಯಾರಿಗೆ ಲಾಭ?

ಬೆಳಿಗ್ಗೆ ಚಹಾ ಕುಡಿಯುವಾಗ ದಾದಿ ಕಣ್ಣೊರೆಸಿಕೊಳ್ಳುತ್ತಿದ್ದರು. "ಇನ್ನು ಊರಿಗೆಲ್ಲ ಗೊತ್ತಾಗುತ್ತದೆ. ನಾಳೆ ಇವಳನ್ನು ಯಾರು ಮದುವೆಯಾಗುತ್ತಾರೆ?" ಎಂದರು. ಅವರ ಸಂಕಟ ಸುಳ್ಳಲ್ಲ. ನಾವು ಹೆಣ್ಣುಮಕ್ಕಳನ್ನು ಹೆತ್ತವರು, ಅದು ನಮಗೂ ಅರ್ಥವಾಗುತ್ತದೆ. ಆದರೆ ನಾನು ಕೇಳಿದೆ: "ದಾದಿ, ನಿನ್ನೆ ನಾನು ಇಲ್ಲಿ ಇಲ್ಲದಿದ್ದರೆ? ಪಕ್ಕದ ಮನೆಯವರಿಗೆ ಗೊತ್ತಿರಲಿಲ್ಲ, ಸಕ್ಕರೆ ಕೊಡಬೇಕೆಂದು ನಿಮಗೂ ಗೊತ್ತಿರಲಿಲ್ಲ. ಗುಟ್ಟು ಉಳಿಯುತ್ತಿತ್ತು, ಮಗು?" ಅವರು ತಲೆ ತಗ್ಗಿಸಿದರು. ನನ್ನ ತರಗತಿಯ ಆ ಹುಡುಗನ ಕಥೆಯನ್ನೂ ಹೇಳಿದೆ, ನನ್ನ ತಪ್ಪನ್ನೂ ಮುಚ್ಚಿಡದೆ.

ಶಾಲೆ ತೆರೆದ ಮೊದಲ ದಿನವೇ ತಂಗಿ ಮಗುವಿನ ಟೀಚರಿಗೆ ಒಂದು ಚೀಟಿ ಬರೆದುಕೊಟ್ಟಳು. ಕಾಯಿಲೆಯ ಹೆಸರು, ಸಕ್ಕರೆ ಇಳಿದಾಗ ಕಾಣುವ ಗುರುತುಗಳು, ಎಷ್ಟು ಗ್ಲುಕೋಸ್ ಕೊಡಬೇಕು, ಯಾರಿಗೆ ಫೋನ್ ಮಾಡಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದರೆ ಸಾಕು. ಪಾಠದ ನಡುವೆ ತಿನ್ನಲು, ನೀರು ಕುಡಿಯಲು, ಶೌಚಕ್ಕೆ ಹೋಗಲು ಈ ಮಕ್ಕಳಿಗೆ ಅನುಮತಿ ಬೇಕು. ಸಿಬಿಎಸ್ಇ ಮಂಡಳಿ 2017ರಲ್ಲಿಯೇ ಟೈಪ್ 1 ಮಧುಮೇಹದ ಮಕ್ಕಳು ಪರೀಕ್ಷಾ ಕೊಠಡಿಗೆ ಸಿಹಿ, ಹಣ್ಣು, ತಿಂಡಿ, ನೀರು ಒಯ್ಯಲು ಅವಕಾಶ ಕೊಟ್ಟಿತು. ಶಾಲೆಗಳಲ್ಲಿ ಇಂಥ ಮಕ್ಕಳ ಆರೈಕೆಯ ಬಗ್ಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಪತ್ರ ಬರೆಯಿತು. ನಾವು ಶಿಕ್ಷಕರೂ ವರ್ಷದ ಆರಂಭದಲ್ಲಿ ಪ್ರತಿ ತಾಯಿಯನ್ನು ಒಂದು ಮಾತು ಕೇಳಬೇಕು: "ನಿಮ್ಮ ಮಗುವಿಗೆ ಯಾವುದಾದರೂ ಔಷಧಿ ನಡೆಯುತ್ತಿದೆಯೇ?" ನಾನು ಅಂದು ಕೇಳದ ಪ್ರಶ್ನೆಯಿದು.

ಚಿಕಿತ್ಸೆಗೆ ದೂರ ಹೋಗಬೇಕೆಂದು ಹೆದರಬೇಡಿ. ಬಾಗಲಕೋಟೆಯಲ್ಲೂ ಬೆಳಗಾವಿಯಲ್ಲೂ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಬೆಂಗಳೂರಿನಲ್ಲಿ ಸರಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೊಕ್ರೈನಾಲಜಿ ಅಂಡ್ ರಿಸರ್ಚ್ ಸಂಸ್ಥೆ ಇದೆ. ಇನ್ಸುಲಿನ್ ಬಿಡಿಸಿ ಗುಣಪಡಿಸುತ್ತೇವೆ ಎನ್ನುವವರ ಮಾತು ಕೇಳಿ ಚುಚ್ಚುಮದ್ದು ನಿಲ್ಲಿಸಬೇಡಿ. ಈ ಮಕ್ಕಳಲ್ಲಿ ಇನ್ಸುಲಿನ್ ನಿಂತರೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯ.

ಹೊರಡುವ ಮುನ್ನ ಹುಡುಗಿ ನನ್ನ ಮಡಿಲಿಗೆ ಒರಗಿ ಕೇಳಿದಳು, "ಖಾಲಾ, ದೊಡ್ಡವಳಾದ ಮೇಲೆ ನಾನು ರೋಜಾ ಇಡಬಹುದೇ?" ಅವಳ ಗೆಳತಿಯರು ಕಳೆದ ರಮಝಾನಿನಲ್ಲಿ ಒಂದೆರಡು ಉಪವಾಸ ಮಾಡಿದ್ದರಂತೆ. ರೋಗಿಗೆ ಅಲ್ಲಾಹನು ಖುರ್‌ಆನ್‌ನಲ್ಲಿಯೇ ವಿನಾಯಿತಿ ಕೊಟ್ಟಿದ್ದಾನೆ, ಅವನು ಕೊಟ್ಟ ವಿನಾಯಿತಿಯನ್ನು ಸ್ವೀಕರಿಸುವುದರಲ್ಲಿ ನಾಚಿಕೆಯಿಲ್ಲ ಎಂದು ಹೇಳಿದೆ. ದೊಡ್ಡವಳಾದ ಮೇಲೆ ವೈದ್ಯರನ್ನು ಕೇಳದೆ ಇಡಬಾರದು. ಒಂದು ವೇಳೆ ಅವರು ಒಪ್ಪಿ ಉಪವಾಸವಿದ್ದರೂ, ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಇಫ್ತಾರಿಗೆ ಐದೇ ನಿಮಿಷ ಇದ್ದರೂ ಉಪವಾಸ ಬಿಡಲೇಬೇಕು. ಬೆರಳು ಚುಚ್ಚಿ ನೋಡುವುದರಿಂದ ಉಪವಾಸ ಮುರಿಯುವುದಿಲ್ಲ. "ಹಾಗಾದರೆ ಈಗ ಸಹರಿಗೆ ಮಾತ್ರ ಏಳುತ್ತೇನೆ" ಎಂದು ಅವಳು ನಕ್ಕಳು.

ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಮನೆಯ ಅಜ್ಜಿ ನಿಧಾನವಾಗಿ ನಡೆದು ಬಂದರು. ಗುಟ್ಟು ತಿಳಿದವರು ಏನು ಹೇಳುತ್ತಾರೋ ಎಂದು ತಂಗಿ ಮುದುಡಿ ನಿಂತಳು. ಅಜ್ಜಿ ತಮ್ಮ ಎಲೆ ಅಡಿಕೆಯ ಸಂಚಿ ಬಿಚ್ಚಿದರು. ಅದರೊಳಗೆ ಕಾಗದದಲ್ಲಿ ಮಡಚಿದ ಸಣ್ಣ ಪೊಟ್ಟಣವಿತ್ತು. "ಸಕ್ರಿ ಐತ್ರಿ ಇದರಾಗ. ಕೂಸು ನಮ್ಮ ಅಂಗಳದಾಗೇ ಆಡತೈತಲ್ಲ. ಮೊದಲ ಹೇಳಿದ್ರ ಆವಾಗಿಂದ ಇಟಗೊಂತಿದ್ನೆವ್ವಾ" ಎಂದರು. ತಂಗಿ ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟಳು.

ಸಹೋದರಿಯರೇ, ನಿಮ್ಮ ಓಣಿಯಲ್ಲಿ, ನಿಮ್ಮ ಮಕ್ಕಳ ಶಾಲೆಯಲ್ಲಿ ಇಂಥ ಒಂದು ಮಗು ಇರಬಹುದು. ಅದರ ತಾಯಿ ಹೆದರಿ ಬಾಯಿ ಮುಚ್ಚಿರಬಹುದು. ಅವಳು ಧೈರ್ಯವಾಗಿ ಹೇಳುವಂತೆ ನಾವು ನಡೆದುಕೊಳ್ಳೋಣ. ತಿಳಿದ ಮೇಲೆ ಆ ಅಜ್ಜಿಯಂತೆ ಒಂದು ಚಿಟಿಕೆ ಸಕ್ಕರೆ ಸೆರಗಿನಲ್ಲಿ ಕಟ್ಟಿಕೊಳ್ಳೋಣ.